ಫುಟ್‌ಪಾತ್‌ನಲ್ಲಿ ಯಾವ ನಡಿಗೆ ಅಸಹಜ? ವಿಡಿಯೊದಿಂದ ಪತ್ತೆ ಹಚ್ಚುವ ಸಮಗ್ರ ಮಾರ್ಗದರ್ಶಿ

ಕೆ.ಆರ್. ಮಾರ್ಕೆಟ್‌ನಲ್ಲಿ ಬೆಳಗಿನ ಜಾವ ತಲೆ ಮೇಲೆ ಹೂವಿನ ಮೂಟೆ ಹೊತ್ತು ಓಡುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ಅದೇ ವೇಗದಲ್ಲಿ ಒಬ್ಬರು ಮೆಟ್ರೊ ಪ್ಲಾಟ್‌ಫಾರಂ ಅಂಚಿನಲ್ಲಿ ಓಡಿದರೆ ಎಲ್ಲರ ಕಣ್ಣೂ ಅತ್ತ ಹೋಗುತ್ತದೆ. ಓಟ ಒಂದೇ, ಜಾಗ ಬೇರೆ. ವಿಡಿಯೊ ನೋಡಿ ಅಸಹಜ ಚಲನೆ ಹಿಡಿಯುವ ಕೆಲಸಕ್ಕೆ ಇಳಿದವರು ಜಾಸ್ತಿ ಮರೆಯುವುದು ಇದನ್ನೇ. ಒಬ್ಬರ ನಡಿಗೆ ಅಸಹಜವೋ ಅಲ್ಲವೋ ಎಂದು ಅವರೊಬ್ಬರನ್ನೇ ನೋಡಿ ಹೇಳಲು ಆಗುವುದಿಲ್ಲ. ಆ ಜಾಗದಲ್ಲಿ, ಆ ಹೊತ್ತಿನಲ್ಲಿ ಉಳಿದವರು ಹೇಗೆ ನಡೆಯುತ್ತಾರೆ ಎಂದು ಗೊತ್ತಿರಬೇಕು.

ಹಾಗಾಗಿ ಇಲ್ಲಿ ಹೇಳುವ ವಿಧಾನದಲ್ಲಿ ಅರ್ಧಕ್ಕಿಂತ ಹೆಚ್ಚು ಶ್ರಮ ಮಾಮೂಲಿ ನಡಿಗೆಯನ್ನು ಕಲಿಯುವುದಕ್ಕೇ ಹೋಗುತ್ತದೆ. ಒಂದು ಕ್ಯಾಮೆರಾ, ಒಂದು ಕಂಪ್ಯೂಟರ್, ಪ್ರೋಗ್ರಾಂ ಬರೆಯುವ ಪೈಥಾನ್ ಭಾಷೆ ಸ್ವಲ್ಪ ಬಂದರೆ ಶುರು ಮಾಡಬಹುದು. ಅಪಾರ್ಟ್‌ಮೆಂಟ್ ಗೇಟ್, ಕಾಲೇಜು ಆವರಣ, ಮಾಲ್, ದೇವಸ್ಥಾನ, ಮಾರುಕಟ್ಟೆ, ಎಲ್ಲಿಗಾದರೂ ಇದೇ ದಾರಿ.

ಹಂತ 1: ಏನನ್ನು ಹಿಡಿಯಬೇಕು, ಹಿಡಿದ ಮೇಲೆ ಯಾರು ಏನು ಮಾಡಬೇಕು

ಕೋಡ್ ಮುಟ್ಟುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಘಟನೆ ಬರೆಯಿರಿ. ಬಲಗಡೆ, ಅದು ನಡೆದಾಗ ಯಾರು ಎದ್ದು ಹೋಗುತ್ತಾರೆ ಎಂದು ಬರೆಯಿರಿ. ಬಲಗಡೆ ಖಾಲಿ ಉಳಿದ ಘಟನೆಯನ್ನು ಅಲ್ಲೇ ಹೊಡೆದು ಹಾಕಿ. ಯಾರೂ ಸ್ಪಂದಿಸದ ಅಲರ್ಟ್‌ಗೋಸ್ಕರ ಸಾವಿರಾರು ಜನರನ್ನು ದಿನವಿಡೀ ಗಮನಿಸುವುದು ಸರಿಯಲ್ಲ.

ನನ್ನ ಪ್ರಕಾರ ಉಳಿಸಿಕೊಳ್ಳಬೇಕಾದವು ಇಷ್ಟು. ಬಿದ್ದವರು ಏಳದೇ ಇರುವುದು. ಒಂದೇ ದಿಕ್ಕಿನ ದಾರಿಯಲ್ಲಿ ಎದುರು ಬರುವುದು, ಉದಾಹರಣೆಗೆ ಎಸ್ಕಲೇಟರ್ ಬಾಯಲ್ಲಿ. ಕಾಲಿಡಬಾರದ ಜಾಗಕ್ಕೆ ಕಾಲಿಡುವುದು. ಹಲವರು ಒಟ್ಟಿಗೆ ಏಕಾಏಕಿ ಓಡುವುದು. ಜನ ಒತ್ತೊತ್ತಾಗಿ ನಿಂತು ಹೋಗುವುದು. ಬೆಂಗಳೂರಾದ್ದರಿಂದ ಇನ್ನೊಂದು ಸೇರಿಸಲೇಬೇಕು: ಫುಟ್‌ಪಾತ್ ಮೇಲೆ ಬೈಕ್.

"ಸುಮ್ನೆ ನಿಂತಿರುವವರು" ಎನ್ನುವುದನ್ನು ಮಾತ್ರ ಪಟ್ಟಿಗೆ ಸೇರಿಸಬೇಡಿ. ನಮ್ಮೂರಿನಲ್ಲಿ ಬಸ್ಸಿಗೆ ಕಾಯುವವರು, ಸೆಕ್ಯೂರಿಟಿ ಗಾರ್ಡ್, ಸೊಪ್ಪು ಮಾರುವವರು, ಆರ್ಡರ್‌ಗೆ ಕಾಯುವ ಡೆಲಿವರಿ ಹುಡುಗರು ಎಲ್ಲರೂ ನಿಂತೇ ಇರುತ್ತಾರೆ. ನಿಂತದ್ದನ್ನೇ ಅನುಮಾನ ಎಂದು ಬರೆದುಬಿಟ್ಟರೆ ನಿಮ್ಮ ವ್ಯವಸ್ಥೆ ಬಡವರನ್ನೇ ಹುಡುಕಿ ತೋರಿಸುತ್ತದೆ. ಇದಕ್ಕೆ ಒಂದೇ ಒಂದು ವಿನಾಯಿತಿ ಕೊಡುತ್ತೇನೆ. ರೈಲಿನ ಮೇಲೆ ರೈಲು ಬಿಟ್ಟರೂ ಹತ್ತದೆ ಪ್ಲಾಟ್‌ಫಾರಂ ತುದಿಯಲ್ಲೇ ಒಬ್ಬರು ಇದ್ದರೆ ಸಿಬ್ಬಂದಿ ಹೋಗಿ "ಏನಾದ್ರೂ ಸಹಾಯ ಬೇಕಾ?" ಎಂದು ಕೇಳಬೇಕು. ಅಲ್ಲಿ ಅಲರ್ಟ್‌ನಿಂದ ಒಂದು ಜೀವ ಉಳಿಯಬಹುದು.

ಹಂತ 2: ಅನುಮತಿ, ಕಾನೂನು

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ 2017ರಲ್ಲಿ ನಮ್ಮ ರಾಜ್ಯ ಸಾರ್ವಜನಿಕ ಸುರಕ್ಷತಾ ಕಾಯ್ದೆಯನ್ನೂ ತಂದಿತು. ಜನ ಸೇರುವ ಸಂಸ್ಥೆಗಳು ಸಿಸಿಟಿವಿ ಹಾಕಬೇಕು, 30 ದಿನದ ದೃಶ್ಯ ಇಟ್ಟುಕೊಂಡಿರಬೇಕು ಎನ್ನುತ್ತದೆ ಅದು. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರಲ್ಲಿ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು.

ಅಂದರೆ ರೆಕಾರ್ಡ್ ಮಾಡುವುದಕ್ಕೆ ಒಂದು ಕಾರಣ ಇದೆ, ವಿಶ್ಲೇಷಣೆಗೆ ಬೇರೆ ಕಾರಣ ಬೇಕು. ಕ್ಯಾಮೆರಾ ಯಾರದ್ದೋ ಅವರಿಂದ ಬರಹದಲ್ಲಿ ಅನುಮತಿ ಪಡೆಯಿರಿ. ನೋಡುವ ಜಾಗದಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಫಲಕ ಹಾಕಿಸಿ. ಮುಖ ಗುರುತಿಸುವ ಸಾಫ್ಟ್‌ವೇರ್ ಜೋಡಿಸಬೇಡಿ. ಈ ಕೆಲಸಕ್ಕೆ ಮುಖ ಬೇಡವೇ ಬೇಡ, ಕಾಲು ನೆಲ ಮುಟ್ಟುವ ಬಿಂದು ಸಾಕು. ವಿಡಿಯೊವನ್ನು ಸ್ಥಳದಲ್ಲೇ ಒಂದು ಕಂಪ್ಯೂಟರ್‌ನಲ್ಲಿ ಓಡಿಸಿ, ಅಲ್ಲಿಂದ ಹೊರಗೆ ಬರೀ ಬಿಂದುಗಳನ್ನು ಕಳಿಸಿ. ಹೊತ್ತು, ಜಾಗ, ವೇಗ ಇಷ್ಟೇ ಇರುವ ಪಟ್ಟಿ ಸೋರಿದರೆ ಆಗುವ ಹಾನಿ, ವಿಡಿಯೊ ಸೋರಿದರೆ ಆಗುವ ಹಾನಿಗಿಂತ ಎಷ್ಟೋ ಕಡಿಮೆ.

ಹಂತ 3: ಕ್ಯಾಮೆರಾ ಮತ್ತು ಗಡಿಯಾರ

ಕ್ಯಾಮೆರಾ 4ರಿಂದ 6 ಮೀಟರ್ ಎತ್ತರದಲ್ಲಿ, ಕೆಳಮುಖವಾಗಿ ಓರೆಯಾಗಿ ಇರಲಿ. ತೀರಾ ತಗ್ಗಿನಲ್ಲಿದ್ದರೆ ಮುಂದಿನವರು ಹಿಂದಿನವರನ್ನು ಮರೆ ಮಾಡುತ್ತಾರೆ. ನಿಮ್ಮ ಜಾಗದ ದೂರದ ಅಂಚಿನಲ್ಲೂ ಒಬ್ಬರ ಎತ್ತರ ಚಿತ್ರದಲ್ಲಿ ಕನಿಷ್ಠ 60 ಪಿಕ್ಸೆಲ್ ಬಂದರೆ ಒಳ್ಳೆಯದು. ಅದಕ್ಕಿಂತ ಚಿಕ್ಕದಾದರೆ ಆ ಭಾಗವನ್ನು ಲೆಕ್ಕದಿಂದಲೇ ಬಿಟ್ಟುಬಿಡಿ.

ಸೆಕೆಂಡಿಗೆ 25 ಫ್ರೇಮ್ (ವಿಡಿಯೊದ ಬಿಡಿ ಚಿತ್ರ) ಬೇಕಿಲ್ಲ. ನಡೆಯುವವರಿಗೆ 8ರಿಂದ 10 ಸಾಕು. ಆದರೆ ಪ್ರತಿ ಫ್ರೇಮ್ ಯಾವ ಕ್ಷಣದ್ದು ಎನ್ನುವುದು ಖಚಿತವಾಗಿರಬೇಕು. ಸಿಸಿಟಿವಿಯಿಂದ ನೆಟ್‌ವರ್ಕ್ ಮೂಲಕ ಬರುವ ವಿಡಿಯೊದಲ್ಲಿ ಫ್ರೇಮ್‌ಗಳು ಬಿಟ್ಟುಹೋಗುತ್ತವೆ, ಆಮೇಲೆ ಗುಂಪಾಗಿ ಬಂದು ಬೀಳುತ್ತವೆ. ಎರಡು ಫ್ರೇಮ್‌ಗಳ ನಡುವೆ 0.1 ಸೆಕೆಂಡ್ ಎಂದು ಕಣ್ಣು ಮುಚ್ಚಿ ನಂಬಿದರೆ, ಅರ್ಧ ಸೆಕೆಂಡ್ ತಡವಾದಾಗ ರಸ್ತೆಯಲ್ಲಿರುವವರೆಲ್ಲ ಐದು ಪಟ್ಟು ವೇಗವಾಗಿ ಓಡಿದಂತೆ ಕಾಣುತ್ತದೆ. ಪ್ರತಿ ಫ್ರೇಮ್‌ನ ಜತೆ ಬರುವ ಸಮಯದ ಗುರುತನ್ನೇ ಬಳಸಿ. ಮಧ್ಯೆ ಒಂದು ಸೆಕೆಂಡಿಗಿಂತ ಜಾಸ್ತಿ ಅಂತರ ಬಂದರೆ ಟ್ರ್ಯಾಕ್‌ಗಳನ್ನು (ಒಬ್ಬೊಬ್ಬರು ನಡೆದ ದಾರಿಯ ದಾಖಲೆ) ಅಲ್ಲೇ ಕತ್ತರಿಸಿ, ಹೊಸದಾಗಿ ಶುರು ಮಾಡಿ.

ಹಂತ 4: ಪಿಕ್ಸೆಲ್‌ನಿಂದ ಮೀಟರ್‌ಗೆ

ಕ್ಯಾಮೆರಾ ಹತ್ತಿರ ಇರುವವರು ಒಂದು ಹೆಜ್ಜೆಗೆ 40 ಪಿಕ್ಸೆಲ್ ಸರಿದರೆ ದೂರದವರು 6 ಪಿಕ್ಸೆಲ್ ಸರಿಯಬಹುದು. ಪಿಕ್ಸೆಲ್‌ನಲ್ಲಿ ವೇಗ ಅಳೆದರೆ ಹತ್ತಿರದವರೆಲ್ಲ ಓಡುವವರು, ದೂರದವರೆಲ್ಲ ನಿಂತವರು. ಅದಕ್ಕೇ ನೆಲದ ನಕ್ಷೆ ಬೇಕು.

ಮೊದಲು ಲೆನ್ಸ್ ನೋಡಿ. 2.8 ಮಿಲಿಮೀಟರ್‌ನ ಅಗಲ ಲೆನ್ಸ್ ಇದ್ದರೆ ಫುಟ್‌ಪಾತ್ ಅಂಚಿನ ಕಲ್ಲಿನ ಸಾಲು ಬಿಲ್ಲಿನಂತೆ ಬಾಗಿರುತ್ತದೆ. ಚಿತ್ರ, ವಿಡಿಯೊ ಸಂಸ್ಕರಣೆಯ ಉಚಿತ ಸಾಫ್ಟ್‌ವೇರ್ ಓಪನ್‌ಸಿವಿಯಲ್ಲಿ ಚದುರಂಗದ ಹಾಸಿನ ಚಿತ್ರ ತೋರಿಸಿ ಈ ಬಾಗನ್ನು ಸರಿ ಮಾಡುವ ಸೌಲಭ್ಯ ಇದೆ. ಅದನ್ನು ಮುಗಿಸಿ ಮುಂದೆ ಹೋಗಿ.

ಆಮೇಲೆ ಟೇಪು ಹಿಡಿದುಕೊಂಡು ಜಾಗಕ್ಕೆ ಇಳಿಯಿರಿ. ಚಿತ್ರದಲ್ಲೂ ನೆಲದಲ್ಲೂ ಸ್ಪಷ್ಟವಾಗಿ ಕಾಣುವ ಬಿಂದುಗಳನ್ನು ಆರಿಸಿ: ಚರಂಡಿ ಮುಚ್ಚಳದ ಮೂಲೆ, ಟೈಲ್ಸ್ ಸೇರುವ ಜಾಗ, ಲೈಟ್ ಕಂಬದ ಬುಡ. ಲೆಕ್ಕಕ್ಕೆ ನಾಲ್ಕು ಸಾಕು, ಆದರೆ ಎಂಟು ಹತ್ತು ತೆಗೆದುಕೊಂಡರೆ ಒಂದೆರಡು ಅಳತೆ ತಪ್ಪಿದರೂ ತೊಂದರೆ ಇಲ್ಲ. ಬಿಂದುಗಳು ಒಂದೇ ಸಾಲಿನಲ್ಲಿ ಇರಬಾರದು. ಇವುಗಳಿಂದ ಹೋಮೋಗ್ರಫಿ ಎನ್ನುವ ಮೂರು ಅಡ್ಡ ಮೂರರ ಮ್ಯಾಟ್ರಿಕ್ಸ್ ಸಿಗುತ್ತದೆ. ಚಿತ್ರದ ಯಾವುದೇ ನೆಲದ ಬಿಂದುವನ್ನು ಅದಕ್ಕೆ ಕೊಟ್ಟರೆ ಮೀಟರ್‌ನಲ್ಲಿ ಜಾಗ ಹೇಳುತ್ತದೆ. ಪರೀಕ್ಷೆಗೆ, ಲೆಕ್ಕದಲ್ಲಿ ಸೇರಿಸದ ಎರಡು ಬಿಂದುಗಳ ಅಂತರ ಅಳೆದು ಹೋಲಿಸಿ. ನೂರಕ್ಕೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಮತ್ತೆ ಅಳೆಯಿರಿ.

ಇದು ಸಮತಟ್ಟು ನೆಲಕ್ಕೆ ಮಾತ್ರ ನಿಜ. ಮೆಟ್ಟಿಲು, ಸ್ಕೈವಾಕ್ ಏರು, ಎತ್ತರಿಸಿದ ಕಟ್ಟೆ ಇದ್ದರೆ ಒಂದೊಂದಕ್ಕೂ ಬೇರೆ ನಕ್ಷೆ ಮಾಡಿ.

ಹಂತ 5: ಜನರನ್ನು ಗುರುತಿಸುವುದು

ಚಿತ್ರದಲ್ಲಿ ವಸ್ತುಗಳನ್ನು ಹುಡುಕಿ ಸುತ್ತ ಚೌಕಟ್ಟು (ಬಾಕ್ಸ್) ಹಾಕುವ ಪ್ರೋಗ್ರಾಂಗೆ ಡಿಟೆಕ್ಟರ್ ಎನ್ನುತ್ತಾರೆ, ಯೋಲೋ ತರಹದ್ದು ಇಲ್ಲಿ ಎಲ್ಲರ ಆಯ್ಕೆ. ಕೋಕೋ ಚಿತ್ರಸಂಗ್ರಹದ ಮೇಲೆ ತರಬೇತಾದ ಮಾದರಿಗೆ 80 ಬಗೆಯ ವಸ್ತುಗಳು ಗೊತ್ತು. ಅದರಲ್ಲಿ ಮನುಷ್ಯ, ಸೈಕಲ್, ಮೋಟರ್‌ಸೈಕಲ್ ಮೂರನ್ನು ಇಟ್ಟುಕೊಳ್ಳಿ. ಚಿಕ್ಕ ಮಾದರಿ ಸಾಕು, ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿಯಲ್ಲಿ ಹಲವು ಕ್ಯಾಮೆರಾ ಓಡುತ್ತದೆ. ಕಂಪನಿ ಕೆಲಸಕ್ಕೆ ಬಳಸುವವರು ಲೈಸೆನ್ಸ್ ಓದಿ. ಅಲ್ಟ್ರಾಲಿಟಿಕ್ಸ್‌ನ ಯೋಲೋ ಎಜಿಪಿಎಲ್ ಲೈಸೆನ್ಸ್‌ನಲ್ಲಿ ಬರುತ್ತದೆ, ನಿಮ್ಮ ಕೋಡ್ ಮುಚ್ಚಿಟ್ಟುಕೊಳ್ಳಬೇಕೆಂದಿದ್ದರೆ ಅವರಿಂದ ಬೇರೆ ಲೈಸೆನ್ಸ್ ಕೊಳ್ಳಬೇಕು.

ಬೈಕ್ ವಿಷಯ ಇಲ್ಲೇ ಬಗೆಹರಿಸಿಕೊಳ್ಳಿ. ಡಿಟೆಕ್ಟರ್ ಸವಾರನನ್ನೂ ಮನುಷ್ಯ ಎಂದೇ ಹೇಳುತ್ತದೆ. ಫುಟ್‌ಪಾತ್ ಮೇಲೆ ಬೈಕ್ ಹತ್ತಿಸಿಕೊಂಡು ಬಂದವರು ನಿಮ್ಮ ಲೆಕ್ಕದಲ್ಲಿ ಸೆಕೆಂಡಿಗೆ 4 ಮೀಟರ್ ಓಡುವ ಪಾದಚಾರಿ ಆಗುತ್ತಾರೆ. ಮನುಷ್ಯನ ಬಾಕ್ಸ್‌ನ ಕೆಳಭಾಗ ಬೈಕ್ ಬಾಕ್ಸ್ ಒಳಗೆ ಬಿದ್ದು, ಎರಡೂ ಒಟ್ಟಿಗೆ ಸರಿಯುತ್ತಿದ್ದರೆ ಅದನ್ನು ಸವಾರ ಎಂದು ಬೇರೆ ಮಾಡಿ. ಒಟ್ಟಿಗೆ ಸರಿಯಬೇಕು ಎನ್ನುವ ಷರತ್ತು ಮುಖ್ಯ. ಇಲ್ಲದಿದ್ದರೆ ನಿಲ್ಲಿಸಿದ ಬೈಕ್ ಮುಂದೆ ಹಾದುಹೋದವರೆಲ್ಲ ಸವಾರರಾಗುತ್ತಾರೆ.

ನಿಮ್ಮ ಜಾಗದ ಕೆಲವು ನೂರು ಫ್ರೇಮ್ ತೆಗೆದುಕೊಂಡು ಕೈಯಿಂದ ಗುರುತು ಹಾಕಿ ಮಾದರಿಗೆ ಇನ್ನೊಂದು ಸುತ್ತು ತರಬೇತಿ ಕೊಡಿ. ಕೊಡೆ ಹಿಡಿದವರು, ತಲೆ ಮೇಲೆ ಹೊರೆ ಇದ್ದವರು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡವರು, ನೆಲದಲ್ಲಿ ಕುಳಿತು ಮಾರುವವರು, ಗಾಲಿಕುರ್ಚಿ ಬಳಸುವವರು, ಊರುಗೋಲು ಹಿಡಿದವರು ಎಲ್ಲರೂ ಅದರಲ್ಲಿ ಇರಬೇಕು. ರಾತ್ರಿಯ ಕಪ್ಪುಬಿಳುಪು ಚಿತ್ರಗಳೂ ಇರಬೇಕು.

ಹಂತ 6: ಟ್ರ್ಯಾಕ್ ಕಟ್ಟುವುದು, ಕಾಲು ಹುಡುಕುವುದು

ಒಂದು ಫ್ರೇಮ್‌ನ ಬಾಕ್ಸ್‌ಗಳನ್ನು ಮುಂದಿನದ್ದರ ಜತೆ ಜೋಡಿಸುತ್ತಾ ಹೋದರೆ ಒಬ್ಬೊಬ್ಬರದೂ ಒಂದು ದಾರಿ ಸಿಗುತ್ತದೆ. ಬೈಟ್‌ಟ್ರ್ಯಾಕ್ ಎನ್ನುವ ಪ್ರೋಗ್ರಾಂ ಇದಕ್ಕೆ ಚೆನ್ನಾಗಿದೆ. ಡಿಟೆಕ್ಟರ್ ಅರೆಮನಸ್ಸಿನಿಂದ ಹೇಳಿದ ಬಾಕ್ಸ್‌ಗಳನ್ನೂ ಅದು ಬಿಸಾಡದೆ ಬಳಸುತ್ತದೆ, ಹಾಗಾಗಿ ಅರ್ಧ ಮರೆಯಾದವರು ಕೈ ತಪ್ಪುವುದು ಕಡಿಮೆ.

ಈಗ ಇಡೀ ಕೆಲಸದ ಅತಿ ಸೂಕ್ಷ್ಮ ಜಾಗ. ಬಾಕ್ಸ್‌ನ ಕೆಳಗಿನ ಅಂಚಿನ ಮಧ್ಯಬಿಂದುವೇ ಕಾಲು ಎಂದು ನಾವು ಹಿಡಿಯುತ್ತೇವೆ. ಸಂಪಿಗೆ ರಸ್ತೆಯಂಥ ಕಡೆ ಫುಟ್‌ಪಾತ್ ಅಂಚಿನಲ್ಲಿ ಒಂದು ತಳ್ಳುಗಾಡಿ ನಿಂತಿದೆ ಎಂದುಕೊಳ್ಳಿ. ಅದರ ಹಿಂದೆ ಹಾದುಹೋಗುವವರ ಕಾಲು ಕಾಣುವುದಿಲ್ಲ. ಬಾಕ್ಸ್ ಸೊಂಟಕ್ಕೆ ಕೊನೆಯಾಗುತ್ತದೆ. ಕ್ಯಾಮೆರಾ 5 ಮೀಟರ್ ಎತ್ತರದಲ್ಲಿದ್ದು ಅವರು 15 ಮೀಟರ್ ದೂರದಲ್ಲಿದ್ದರೆ, 90 ಸೆಂಟಿಮೀಟರ್ ಎತ್ತರದ ಸೊಂಟವನ್ನು ಕಾಲು ಎಂದು ಹಿಡಿದಾಗ ನಕ್ಷೆಯಲ್ಲಿ ಅವರು 18.3 ಮೀಟರ್ ದೂರಕ್ಕೆ ಹೋಗಿಬಿಡುತ್ತಾರೆ. ಸೆಕೆಂಡಿಗೆ 10 ಫ್ರೇಮ್ ಲೆಕ್ಕದಲ್ಲಿ, ತರಕಾರಿ ಚೀಲ ಹಿಡಿದು ನಿಧಾನವಾಗಿ ನಡೆಯುತ್ತಿದ್ದ ಅಜ್ಜಿ ಒಂದು ಕ್ಷಣ ಗಂಟೆಗೆ 119 ಕಿಲೋಮೀಟರ್ ವೇಗದಲ್ಲಿ ಹೋದಂತೆ ದಾಖಲಾಗುತ್ತದೆ. ಆ ತಳ್ಳುಗಾಡಿ ಅಲ್ಲಿರುವಷ್ಟು ದಿನವೂ ಅಲರ್ಟ್ ಬರುತ್ತಲೇ ಇರುತ್ತದೆ.

ಇದಕ್ಕೆ ಮೂರು ಕಡೆಯಿಂದ ತಡೆ ಹಾಕಿ. ಬಾಕ್ಸ್ ಎತ್ತರ ಏಕಾಏಕಿ ಕುಗ್ಗಿ, ತಲೆಯ ಭಾಗ ಇದ್ದಲ್ಲೇ ಇದ್ದರೆ ಕಾಲು ಮರೆಯಾಗಿದೆ ಎಂದರ್ಥ. ಆಗ ಹಿಂದಿನ ಎತ್ತರವನ್ನೇ ಬಳಸಿ ಕಾಲಿನ ಜಾಗ ಊಹಿಸಿ. ಎರಡನೆಯದು, ಒಂದು ಸೆಕೆಂಡಿನ ಬಿಂದುಗಳ ಮಧ್ಯಮ ಬೆಲೆ (ಮೀಡಿಯನ್) ತೆಗೆದುಕೊಂಡು ನಯ ಮಾಡಿ, ಇಲ್ಲವೇ ಹಿಂದಿನ ಚಲನೆ ನೋಡಿ ಜಾಗ ಅಂದಾಜಿಸುವ ಕಾಲ್ಮನ್ ಫಿಲ್ಟರ್ ಹಾಕಿ. ಮೂರನೆಯದು, ಮನುಷ್ಯರಿಗೆ ಸಾಧ್ಯವೇ ಇಲ್ಲದ ಜಿಗಿತ ಕಂಡರೆ ಅದನ್ನು ಅಸಹಜ ಎನ್ನಬೇಡಿ, ಅಳತೆ ತಪ್ಪು ಎಂದು ಎತ್ತಿಡಿ.

ಹಂತ 7: ದಾರಿಯಿಂದ ಲಕ್ಷಣಗಳು

ಇದು ಸುಲಭ. ಪ್ರತಿ ಸೆಕೆಂಡಿಗೆ ಜಾಗ, ವೇಗ, ದಿಕ್ಕು ಬರೆದುಕೊಳ್ಳಿ. ಇಡೀ ದಾರಿಗೆ ಒಂದು ಸುತ್ತಾಟದ ಅಳತೆ ಬೇಕು: ನಡೆದ ಒಟ್ಟು ದೂರವನ್ನು, ಶುರುವಿನಿಂದ ಕೊನೆಗೆ ಇರುವ ನೇರ ದೂರದಿಂದ ಭಾಗಿಸಿ. ನೆಟ್ಟಗೆ ಹೋದವರಿಗೆ 1ರ ಹತ್ತಿರ ಬರುತ್ತದೆ. ಸಾಮಾನ್ಯ ನಡಿಗೆ ಸೆಕೆಂಡಿಗೆ 1.3 ಮೀಟರ್ ಆಸುಪಾಸು, ಸುಮಾರು 2 ಮೀಟರ್ ದಾಟಿದರೆ ಜನ ನಡಿಗೆ ಬಿಟ್ಟು ಓಡಲು ಶುರು ಮಾಡುತ್ತಾರೆ. ನಿಮ್ಮ ಲೆಕ್ಕದಲ್ಲಿ ಮಧ್ಯಾಹ್ನದ ಸರಾಸರಿ ವೇಗ 3 ಬಂತೆಂದರೆ ನಾಲ್ಕನೇ ಹಂತದ ನಕ್ಷೆ ತಪ್ಪಿದೆ.

ಹಂತ 8: ಮಾಮೂಲಿ ಯಾವುದು ಎಂದು ಕಲಿಸುವುದು

ಈ ವಿಷಯಕ್ಕೆ ಬಂದವರು ಮೊದಲು ನೋಡುವುದು ಸಿದ್ಧ ವಿಡಿಯೊ ಸಂಗ್ರಹಗಳನ್ನು. ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2010ರಲ್ಲಿ ತಂದ ಪೆಡ್1, ಪೆಡ್2. ಹಾಂಗ್‌ಕಾಂಗ್‌ನ ಚೈನೀಸ್ ವಿಶ್ವವಿದ್ಯಾಲಯದ 2013ರ ಅವೆನ್ಯೂ. 13 ಬೇರೆ ಬೇರೆ ದೃಶ್ಯಗಳಿರುವ ಶಾಂಘೈಟೆಕ್. 1,900 ವಿಡಿಯೊಗಳ, 128 ಗಂಟೆಯ ಯುಸಿಎಫ್ ಕ್ರೈಮ್, ಇದು 2018ರದ್ದು. ನಿಮ್ಮ ಕೋಡ್ ಸರಿಯಾಗಿ ಓಡುತ್ತದೆಯೇ ಎಂದು ನೋಡಲು ಇವು ಬಹಳ ಉಪಯೋಗ. ನಮ್ಮ ರಸ್ತೆಗೆ ಮಾಮೂಲಿ ಯಾವುದು ಎಂದು ಇವುಗಳಿಂದ ಕಲಿಸಬೇಡಿ.

ಪೆಡ್ ಸಂಗ್ರಹದಲ್ಲಿ ಬರೀ ನಡೆಯುವವರಿರುವ ದೃಶ್ಯ ಮಾಮೂಲಿ. ಸೈಕಲ್, ಸ್ಕೇಟ್‌ಬೋರ್ಡ್, ಚಿಕ್ಕ ಗಾಡಿ, ಹುಲ್ಲಿನ ಮೇಲೆ ನಡೆಯುವವರು ಅಸಹಜ. ಆ ಪಟ್ಟಿಯಲ್ಲಿ ಗಾಲಿಕುರ್ಚಿಯೂ ಇದೆ. ಸಂಶೋಧನೆಯಲ್ಲಿ ಅದೊಂದು ಲೇಬಲ್ ಅಷ್ಟೇ. ಆದರೆ ಅದೇ ಮಾದರಿಯನ್ನು ತಂದು ನಮ್ಮ ಬಸ್‌ಸ್ಟ್ಯಾಂಡ್‌ನಲ್ಲಿ ಹಾಕಿದರೆ, ಮೊದಲೇ ಇಳಿಜಾರು ಇಲ್ಲದ ಫುಟ್‌ಪಾತ್‌ನಲ್ಲಿ ಕಷ್ಟಪಟ್ಟು ಬಂದವರ ಮೇಲೆ ಅಲಾರಂ ಹೊಡೆಯುತ್ತದೆ. ಇದನ್ನು ಒಪ್ಪಲು ಆಗುವುದಿಲ್ಲ. ಗಾಲಿಕುರ್ಚಿ, ಊರುಗೋಲು, ಕುಂಟುತ್ತಾ ನಡೆಯುವುದು, ಇವು ಯಾವ ಕಾರಣಕ್ಕೂ ಅಸಹಜತೆಯ ಅಂಕವನ್ನು (ಸ್ಕೋರ್) ಹೆಚ್ಚಿಸಬಾರದು ಎಂದು ಬರೆದಿಟ್ಟು, ಹನ್ನೊಂದನೇ ಹಂತದಲ್ಲಿ ಹೇಳುವ ಪರೀಕ್ಷೆಯಲ್ಲಿ ಖಾತ್ರಿ ಮಾಡಿಕೊಳ್ಳಿ.

ಈಗ ನಿಮ್ಮ ಜಾಗದ ಲೆಕ್ಕ. ನೆಲವನ್ನು ಒಂದು ಮೀಟರ್ ಚೌಕದ ಮನೆಗಳಾಗಿ ಭಾಗ ಮಾಡಿ. ದಿಕ್ಕನ್ನು ಎಂಟು ಭಾಗ ಮಾಡಿ. ಕನಿಷ್ಠ ಎರಡು ವಾರ, ವಾರಾಂತ್ಯ ಸೇರಿಸಿ, ಪ್ರತಿ ಮನೆಯಲ್ಲಿ ಎಷ್ಟು ಜನ ಯಾವ ದಿಕ್ಕಿಗೆ ಯಾವ ವೇಗದಲ್ಲಿ ಹೋದರು ಎಂದು ಎಣಿಸಿ. ಬೆಳಗಿನ ಜಾವ, ಆಫೀಸಿಗೆ ಹೋಗುವ ಹೊತ್ತು, ಮಧ್ಯಾಹ್ನ, ಸಂಜೆ, ರಾತ್ರಿಗೆ ಬೇರೆ ಬೇರೆ ಪಟ್ಟಿ ಇಡಿ. ಭಾನುವಾರಕ್ಕೆ ಇನ್ನೊಂದು.

ಒಂದು ಮನೆಯ ಲೆಕ್ಕ ಬಿಡಿಸಿ ನೋಡೋಣ. ಎಸ್ಕಲೇಟರ್ ಇಳಿದ ತಕ್ಷಣದ ಒಂದು ಚೌಕದಲ್ಲಿ 400 ದಾಖಲೆ ಇವೆ. 388 ಪೂರ್ವಕ್ಕೆ, ಉಳಿದ 12 ಈಶಾನ್ಯಕ್ಕೆ. ಪಶ್ಚಿಮಕ್ಕೆ ಸೊನ್ನೆ. ಸೊನ್ನೆ ಇದ್ದರೆ ಲೆಕ್ಕ ಒಡೆಯುತ್ತದೆ, ಅದಕ್ಕೆ ಎಂಟೂ ದಿಕ್ಕಿಗೆ ಒಂದೊಂದು ಸೇರಿಸಿ. ಈಗ ಪೂರ್ವದ ಸಂಭವ 408ಕ್ಕೆ 389, ಪಶ್ಚಿಮದ್ದು 408ಕ್ಕೆ 1. ಇವುಗಳ ಸಹಜ ಲಾಗರಿದಮ್ ತೆಗೆದು ಚಿಹ್ನೆ ತಿರುಗಿಸಿದರೆ ಪೂರ್ವಕ್ಕೆ 0.05, ಪಶ್ಚಿಮಕ್ಕೆ 6.0 ಬರುತ್ತದೆ. ಇದೇ ಸ್ಕೋರ್. ದೊಡ್ಡದಾದಷ್ಟೂ ಅಪರೂಪ. ದಾಖಲೆಯೇ ಕಡಿಮೆ ಇರುವ ಚೌಕದಲ್ಲಿ ಒಂದು ಸೇರಿಸಿದ್ದರಿಂದಲೇ ಸ್ಕೋರ್ ತಗ್ಗುತ್ತದೆ. ನಮಗೆ ಗೊತ್ತಿಲ್ಲದ ಮೂಲೆಯಲ್ಲಿ ವ್ಯವಸ್ಥೆ ತಾನಾಗಿಯೇ ಹುಷಾರಾಗಿರುತ್ತದೆ.

ಮುಂದಿನ ಫ್ರೇಮ್ ಹೇಗಿರುತ್ತದೆ ಎಂದು ಊಹಿಸಿ, ಊಹೆ ತಪ್ಪಿದ ಕಡೆ ಅಸಹಜ ಎನ್ನುವ ಡೀಪ್ ಲರ್ನಿಂಗ್ ವಿಧಾನಗಳೂ ಇವೆ. ಸಂಶೋಧನೆಯಲ್ಲಿ ಅವುಗಳ ಅಂಕ ಚೆನ್ನಾಗಿರುತ್ತದೆ. ಆದರೂ ನಾನು ಎಣಿಕೆಯ ಪಟ್ಟಿಯನ್ನೇ ಹೇಳುತ್ತೇನೆ. ಅಲರ್ಟ್ ಯಾಕೆ ಬಂತು ಎಂದು ಗಾರ್ಡ್ ಕೇಳಿದರೆ "ಈ ಜಾಗದಲ್ಲಿ ಈ ಹೊತ್ತಲ್ಲಿ ಯಾರೂ ಈ ದಿಕ್ಕಿಗೆ ಬರೋದಿಲ್ಲ" ಎಂದು ಒಂದೇ ಮಾತಲ್ಲಿ ಹೇಳಬಹುದು. ಪಿಕ್ಸೆಲ್ ದೋಷ ಜಾಸ್ತಿ ಬಂತು ಎಂದರೆ ಯಾರಿಗೆ ಏನು ಅರ್ಥವಾಗುತ್ತದೆ?

ಮಳೆ ಮತ್ತು ಹಬ್ಬಗಳಿಗೆ ಬೇರೆ ವ್ಯವಸ್ಥೆ ಬೇಕು. ಮೇ ತಿಂಗಳ ಸಂಜೆ ಏಕಾಏಕಿ ಮಳೆ ಸುರಿದರೆ ಚರ್ಚ್ ಸ್ಟ್ರೀಟ್‌ನಲ್ಲಿ ಎಲ್ಲರೂ ಅಂಗಡಿ ಸೂರಿನ ಕಡೆ ಓಡುತ್ತಾರೆ. ಗಾಬರಿಯ ಓಟವೂ ಲೆಕ್ಕದಲ್ಲಿ ಹೀಗೇ ಕಾಣುತ್ತದೆ. ಚಾವಣಿ ಮೇಲೆ ಒಂದು ಅಗ್ಗದ ಮಳೆ ಸೆನ್ಸರ್ ಇಟ್ಟರೆ ಮುಗಿಯಿತು. ಮಳೆ ಇದ್ದಾಗ ಗುಂಪಿನ ಓಟದ ಅಲರ್ಟ್ ಜತೆ "ಮಳೆ" ಎಂದು ಬರಲಿ, ಆದರೆ ಅಲರ್ಟ್ ನಿಲ್ಲಿಸಬೇಡಿ. ಕಡಲೆಕಾಯಿ ಪರಿಷೆ ಸಮಯದಲ್ಲಿ ಬಸವನಗುಡಿಯ ಬುಲ್ ಟೆಂಪಲ್ ರಸ್ತೆ, ಕರಗದ ರಾತ್ರಿ ತಿಗಳರಪೇಟೆ, ಫಲಪುಷ್ಪ ಪ್ರದರ್ಶನದ ಸಮಯದಲ್ಲಿ ಲಾಲ್‌ಬಾಗ್ ಗೇಟು, ಇವು ಬೇರೆಯೇ ಊರುಗಳು ಎಂದು ತಿಳಿಯಿರಿ. ಆ ದಿನಗಳ ಎಣಿಕೆಯನ್ನು ಮಾಮೂಲಿ ಪಟ್ಟಿಗೆ ಸೇರಿಸಬಾರದು, ಮಾಮೂಲಿ ಪಟ್ಟಿಯನ್ನು ಆ ದಿನಗಳಿಗೆ ಬಳಸಲೂಬಾರದು.

ಹಂತ 9: ಬಿದ್ದವರು ಮತ್ತು ಗುಂಪು

ಈ ಎರಡಕ್ಕೆ ಎಣಿಕೆಯ ಪಟ್ಟಿ ಸಾಲದು.

ಬೀಳುವುದನ್ನು ಹಿಡಿಯಲು ಬಾಕ್ಸ್ ಆಕಾರ ನೋಡಿ. ನಿಂತವರ ಬಾಕ್ಸ್ ಉದ್ದ, ಬಿದ್ದವರದ್ದು ಅಗಲ. ಕ್ಯಾಮೆರಾ ಕಡೆಗೇ ಬಿದ್ದರೆ ಆಕಾರ ಅಷ್ಟು ಬದಲಾಗುವುದಿಲ್ಲ, ಆದ್ದರಿಂದ ದೇಹದ ಕೀಲುಗಳನ್ನು ಗುರುತಿಸುವ ಪೋಸ್ ಮಾದರಿಯೂ ಜತೆಗಿರಲಿ. ತಲೆ ಮತ್ತು ಸೊಂಟ ಹೆಚ್ಚುಕಡಿಮೆ ನೆಲದ ಮಟ್ಟಕ್ಕೆ ಬಂದು, 5 ಸೆಕೆಂಡ್ ಹಾಗೇ ಇದ್ದರೆ ಅಲರ್ಟ್. ನಡೆಯುತ್ತಿದ್ದವರು ಬಿದ್ದರೆ ಮಾತ್ರ ಎಂದು ಷರತ್ತು ಹಾಕಿ. ಇಲ್ಲದಿದ್ದರೆ ಫುಟ್‌ಪಾತ್‌ನಲ್ಲಿ ಮಲಗುವವರನ್ನು ರಾತ್ರಿಯಿಡೀ ಎಬ್ಬಿಸುತ್ತೀರಿ.

ಗುಂಪಿನ ಮಾತು ಬೆಂಗಳೂರಿಗೆ ಹೊಸದಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಆರ್‌ಸಿಬಿ ಗೆಲುವಿನ ಸಂಭ್ರಮಕ್ಕೆ ಬಂದವರಲ್ಲಿ 11 ಜನ ನೂಕುನುಗ್ಗಲಿನಲ್ಲಿ ತೀರಿಕೊಂಡರು. ಕ್ಯಾಮೆರಾದ ಲೆಕ್ಕವೊಂದೇ ಅಂಥದ್ದನ್ನು ತಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ಗೇಟು, ದಾರಿ, ಪೊಲೀಸ್ ಬಲ, ಸರಿಯಾದ ಪ್ರಕಟಣೆ ಎಲ್ಲ ಬೇಕು. ಆದರೆ ಏನನ್ನು ಅಳೆಯಬೇಕು ಎನ್ನುವುದು ತಿಳಿದಿದೆ.

ಜನ ಹಾಗೆ ಸೇರಿದಾಗ ಒಬ್ಬೊಬ್ಬರ ಟ್ರ್ಯಾಕ್ ಕೆಲಸಕ್ಕೆ ಬರುವುದಿಲ್ಲ. ಒಂದು ಚದರ ಮೀಟರ್‌ಗೆ ಎರಡು ಮೂರು ಜನ ದಾಟಿದ ಮೇಲೆ ಬಾಕ್ಸ್‌ಗಳು ಒಂದರ ಮೇಲೊಂದು ಬೀಳುತ್ತವೆ. ಆಗ ತಲೆ ಎಣಿಸುವ ಸಾಂದ್ರತೆ ಮಾದರಿಗೆ ಬದಲಿಸಬೇಕು. ಬೆಂಗಳೂರಿನ ಐಐಎಸ್‌ಸಿಯಲ್ಲೇ ಇದರ ಮೇಲೆ ಒಳ್ಳೆಯ ಕೆಲಸ ಆಗಿದೆ. ಅಲ್ಲಿನ ಆರ್. ವೆಂಕಟೇಶ್ ಬಾಬು ತಂಡ 2017ರಲ್ಲಿ ಪ್ರಕಟಿಸಿದ ಸ್ವಿಚಿಂಗ್ ಸಿಎನ್‌ಎನ್ ಎನ್ನುವ ಮಾದರಿ, ಗುಂಪು ದಟ್ಟವೋ ವಿರಳವೋ ನೋಡಿ ಅದಕ್ಕೆ ತಕ್ಕ ನ್ಯೂರಲ್ ಜಾಲವನ್ನು ಆರಿಸಿಕೊಳ್ಳುತ್ತದೆ. ಚಲನೆಗೆ ಆಪ್ಟಿಕಲ್ ಫ್ಲೋ ಬಳಸಿ, ಅಂದರೆ ಒಂದು ಫ್ರೇಮ್‌ನಿಂದ ಮುಂದಿನದ್ದಕ್ಕೆ ಚಿತ್ರದ ಪ್ರತಿ ಭಾಗ ಎತ್ತ ಎಷ್ಟು ಸರಿಯಿತು ಎಂದು ಲೆಕ್ಕ ಹಾಕುವುದು. ಓಪನ್‌ಸಿವಿಯಲ್ಲಿ ಫಾರ್ನೆಬ್ಯಾಕ್ ವಿಧಾನ ಸಿದ್ಧವಾಗಿ ಸಿಗುತ್ತದೆ.

20 ಚದರ ಮೀಟರ್ ಜಾಗದಲ್ಲಿ 90 ಜನ ಇದ್ದರೆ ಚದರ ಮೀಟರ್‌ಗೆ 4.5. ಅಲ್ಲಿಗೇ ಒಳಗೆ ಬಿಡುವುದನ್ನು ನಿಲ್ಲಿಸಬೇಕು. 7ರ ಹತ್ತಿರ ಹೋದರೆ ಗುಂಪು ದ್ರವದ ಹಾಗೆ ವರ್ತಿಸುತ್ತದೆ, ಒಬ್ಬರ ಕಾಲು ಅವರ ಮಾತು ಕೇಳುವುದಿಲ್ಲ. 2006ರ ಹಜ್ ದುರಂತದ ವಿಡಿಯೊಗಳನ್ನು ಡಿರ್ಕ್ ಹೆಲ್ಬಿಂಗ್ ಮತ್ತು ಜತೆಗಾರರು ವಿಶ್ಲೇಷಿಸಿ 2007ರಲ್ಲಿ ಬರೆದ ವಿಷಯ ಇಲ್ಲಿ ಬಹಳ ಮುಖ್ಯ. ಮೊದಲು ಸರಾಗ ಹರಿವು ಇರುತ್ತದೆ. ಆಮೇಲೆ ನಿಂತು ಹೊರಡುವ ಅಲೆಗಳು ಕಾಣುತ್ತವೆ. ಕೊನೆಗೆ ಗುಂಪು ಎಲ್ಲ ದಿಕ್ಕಿಗೂ ಹೊಯ್ದಾಡುತ್ತದೆ. ಸಾಂದ್ರತೆಯನ್ನು ವೇಗದ ಏರಿಳಿತದಿಂದ ಗುಣಿಸಿದರೆ ಬರುವ ಸಂಖ್ಯೆಯನ್ನು ಅವರು ಗುಂಪಿನ ಒತ್ತಡ ಎಂದರು. ಏರಿಳಿತ ಎಂದರೆ ಇಲ್ಲಿ ವೇರಿಯನ್ಸ್, ಸರಾಸರಿಯಿಂದ ಇರುವ ವ್ಯತ್ಯಾಸಗಳ ವರ್ಗದ ಸರಾಸರಿ.

ಇದರಿಂದ ನಮಗೆ ಸಿಗುವ ಪಾಠ ನೇರವಾಗಿದೆ. ಓಟ ಕಂಡಾಗ ಅಲ್ಲ, ನಿಂತು ಹೊರಡುವ ಅಲೆ ಶುರುವಾದಾಗಲೇ ಅಲರ್ಟ್ ಹೋಗಬೇಕು. ಹೊಯ್ದಾಟ ಶುರುವಾದ ಮೇಲೆ ಹೋದ ಅಲರ್ಟ್ ತಡವಾದ ಅಲರ್ಟ್. ಪ್ರತಿ ಗೇಟಿನ ಮುಂದಿನ ಜಾಗಕ್ಕೆ ಪ್ರತ್ಯೇಕ ಲೆಕ್ಕ ಇಡಿ. ಇಡೀ ರಸ್ತೆಯ ಸರಾಸರಿ ತೆಗೆದರೆ ಒಂದು ಗೇಟಿನ ಇಕ್ಕಟ್ಟು ಅದರಲ್ಲಿ ಮುಚ್ಚಿಹೋಗುತ್ತದೆ.

ಹಂತ 10: ಎಷ್ಟು ಸ್ಕೋರ್‌ಗೆ ಅಲರ್ಟ್?

ಒಂದು ಲೆಕ್ಕ ಮಾಡಿ. ದಿನಕ್ಕೆ 20,000 ಜನ ಓಡಾಡುವ ಜಾಗ ಎಂದುಕೊಳ್ಳಿ. ನಿಮ್ಮ ವ್ಯವಸ್ಥೆ ಮಾಮೂಲಿ ನಡಿಗೆಯನ್ನು ನೂರಕ್ಕೆ 99 ಸಲ ಸರಿಯಾಗಿ ಬಿಟ್ಟುಬಿಡುತ್ತದೆ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಅದು ದಿನಕ್ಕೆ 200 ಸುಳ್ಳು ಅಲರ್ಟ್. 16 ಗಂಟೆಗೆ ಹಂಚಿದರೆ ಐದು ನಿಮಿಷಕ್ಕೊಂದು. ಎರಡನೇ ದಿನಕ್ಕೇ ಗಾರ್ಡ್ ಸೌಂಡ್ ಆಫ್ ಮಾಡುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಅದಕ್ಕೆ ಉಲ್ಟಾ ಕಡೆಯಿಂದ ಬನ್ನಿ. ಸ್ಕ್ರೀನ್ ಮುಂದೆ ಕೂರುವವರನ್ನೇ ಕೇಳಿ: "ಒಂದು ಶಿಫ್ಟ್‌ನಲ್ಲಿ ಎಷ್ಟನ್ನು ಸರಿಯಾಗಿ ನೋಡಬಹುದು ಸರ್?" ಅವರು ಹತ್ತು ಎಂದರೆ ಹತ್ತು. ಎರಡು ವಾರದ ದಾಖಲೆಯಲ್ಲಿ ಶಿಫ್ಟ್‌ಗೆ ಹತ್ತು ಬರುವಂತೆ ಥ್ರೆಶೋಲ್ಡ್, ಅಂದರೆ ಅಲರ್ಟ್ ಕೊಡುವ ಸ್ಕೋರ್‌ನ ಮಿತಿ, ಇಡಿ. ಇಡೀ ದಾರಿಯ ಸರಾಸರಿ ಸ್ಕೋರ್ ಬೇಡ, ಅದರಲ್ಲಿ ಐದು ಸೆಕೆಂಡಿನ ವಿಚಿತ್ರ ಕರಗಿಹೋಗುತ್ತದೆ. ಸತತ 3 ಸೆಕೆಂಡ್ ಸ್ಕೋರ್ ಮೇಲಿದ್ದರೆ ಮಾತ್ರ ಎಣಿಸಿ. ಬಿದ್ದವರು ಮತ್ತು ಗುಂಪಿನ ಒತ್ತಡ ಈ ಹತ್ತರ ಲೆಕ್ಕಕ್ಕೆ ಸೇರುವುದಿಲ್ಲ, ಅವು ಯಾವಾಗ ಬಂದರೂ ಬರಬೇಕು.

ಅಲರ್ಟ್‌ನಲ್ಲಿ 10 ಸೆಕೆಂಡ್ ತುಣುಕು ಇರಲಿ, ಮುಖಗಳು ಮಸುಕಾಗಿರಲಿ, ನಡೆದ ದಾರಿ ಗೆರೆಯಾಗಿ ಕಾಣಲಿ. ಕಾರಣ ಕನ್ನಡದಲ್ಲಿ ಬರಲಿ: "ಎದುರು ದಿಕ್ಕು, 12 ಸೆಕೆಂಡ್, ಎಸ್ಕಲೇಟರ್ ಕೆಳಗೆ." ಕೆಳಗೆ ಮೂರು ಬಟನ್: ನಿಜ, ಸುಳ್ಳು, ಗೊತ್ತಾಗುತ್ತಿಲ್ಲ. ಬಿದ್ದವರ ಅಲರ್ಟ್ ಪಕ್ಕದಲ್ಲಿ 112 ಎಂದು ದೊಡ್ಡದಾಗಿ ಬರೆದಿರಲಿ. ಅನುಮಾನಾಸ್ಪದ, ಸಂಶಯಿತ ಎಂಬ ಪದಗಳನ್ನು ಸ್ಕ್ರೀನ್ ಮೇಲೆ ಎಲ್ಲೂ ಹಾಕಬೇಡಿ. ಗಾರ್ಡ್ ಹೋಗಿ ಮಾತನಾಡಿಸುವ ಧಾಟಿ ಆ ಪದದಿಂದಲೇ ಬದಲಾಗುತ್ತದೆ.

ಹಂತ 11: ಪರೀಕ್ಷೆ

ಪ್ರತಿ ಫ್ರೇಮ್ ಸರಿಯೋ ತಪ್ಪೋ ಎಂದು ಎಣಿಸಿ ಅಂಕ ಕೊಡುವುದು ಸಂಶೋಧನಾ ಪ್ರಬಂಧಗಳ ಪದ್ಧತಿ. ನಿಮಗೆ ಬೇಕಾದ್ದು ಎರಡೇ ಸಂಖ್ಯೆ: ನಿಜವಾದ ಘಟನೆಗಳಲ್ಲಿ ಎಷ್ಟು ಸಿಕ್ಕವು, ಘಟನೆಯಾಗಿ ಎಷ್ಟು ಸೆಕೆಂಡಿಗೆ ಅಲರ್ಟ್ ಬಂತು.

ನಿಜವಾದ ಘಟನೆಗೆ ಕಾಯುತ್ತಾ ಕೂರಲು ಆಗುವುದಿಲ್ಲ. ಜನ ಕಡಿಮೆ ಇರುವ ಹೊತ್ತು ನೋಡಿ, ಅನುಮತಿ ತೆಗೆದುಕೊಂಡು, ಸ್ನೇಹಿತರನ್ನು ಕರೆದು ನಟಿಸಿ. ಒಬ್ಬರು ಬೀಳಲಿ, ಒಬ್ಬರು ಎದುರು ನಡೆಯಲಿ, ಐದಾರು ಜನ ಒಟ್ಟಿಗೆ ಓಡಲಿ. ಹತ್ತಿರ, ದೂರ, ಮರದ ನೆರಳಲ್ಲಿ, ದೀಪದ ಕೆಳಗೆ, ಎಲ್ಲ ಕಡೆ ಮಾಡಿ. ಸೀರೆ ಉಟ್ಟವರು, ಬುರ್ಖಾ ತೊಟ್ಟವರು, ಮಕ್ಕಳು, ವಯಸ್ಸಾದವರು, ಗಾಲಿಕುರ್ಚಿ ಬಳಸುವವರು ಒಪ್ಪಿ ಬಂದರೆ ಅವರ ಮಾಮೂಲಿ ನಡೆಯನ್ನೂ ದಾಖಲಿಸಿ. ಯಾರ ಮೇಲಾದರೂ ಸುಳ್ಳು ಅಲರ್ಟ್ ಬೇರೆಯವರಿಗಿಂತ ಜಾಸ್ತಿ ಬಂದರೆ ಐದನೇ ಹಂತಕ್ಕೆ ವಾಪಸ್ ಹೋಗಿ. ಅದು ಸರಿಯಾಗುವ ತನಕ ಚಾಲೂ ಮಾಡಬೇಡಿ.

ಹಂತ 12: ಓಡಿಸುತ್ತಾ ಇರುವುದು

ಮೊದಲ ತಿಂಗಳು ಅಲರ್ಟ್ ಯಾರಿಗೂ ಕಳಿಸಬೇಡಿ, ಬರೀ ಬರೆದಿಡಿ. ಪ್ರತಿದಿನ ಕೂತು ನೋಡಿ. ರಾತ್ರಿ ಇನ್‌ಫ್ರಾರೆಡ್ ದೀಪದ ಮುಂದೆ ಜೇಡ ಬಲೆ ಕಟ್ಟುತ್ತದೆ, ಗಾಳಿಗೆ ಅದು ಅಲ್ಲಾಡುತ್ತದೆ. ಲೆನ್ಸ್ ಮೇಲೆ ಮಳೆಹನಿ ಕೂರುತ್ತದೆ. ಕರೆಂಟ್ ಹೋಗಿ ಬಂದಾಗ ಕ್ಯಾಮೆರಾದ ಗಡಿಯಾರ ಹಿಂದಕ್ಕೆ ಹೋಗಬಹುದು, ಸಮಯವನ್ನು ನೆಟ್‌ವರ್ಕ್‌ನಿಂದಲೇ ಸರಿಪಡಿಸಿಕೊಳ್ಳುವಂತೆ ಇಡಿ.

ಎಣಿಕೆಯ ಪಟ್ಟಿಯನ್ನು ತಿಂಗಳಿಗೊಮ್ಮೆ ಹೊಸದು ಮಾಡಿ. "ನಿಜ" ಎಂದು ಒತ್ತಿದ ಘಟನೆಗಳನ್ನು ತೆಗೆದು ಉಳಿದವನ್ನಷ್ಟೇ ಸೇರಿಸಿ. ರಸ್ತೆ ಅಗೆದರು, ಮೆಟ್ರೊ ಕಾಮಗಾರಿಗೆ ತಗಡು ಅಡ್ಡ ಹಾಕಿದರು, ಹೊಸ ಬಸ್‌ಸ್ಟಾಪ್ ಬಂತು ಎಂದಾದರೆ ತಿಂಗಳು ಕಾಯಬೇಡಿ. ಹಳೆ ಪಟ್ಟಿ ಎತ್ತಿಟ್ಟು ಎರಡು ವಾರ ಮತ್ತೆ ಕಲಿಸಿ. ಆ ಎರಡು ವಾರ ಬಿದ್ದವರು ಮತ್ತು ಗುಂಪಿನ ಅಲರ್ಟ್ ಮಾತ್ರ ಓಡಲಿ.

ಕೇಬಲ್ ಎಳೆಯಲು ಕಂಬ ಹತ್ತಿದವರ ಕೈ ತಾಗಿ ಕ್ಯಾಮೆರಾ ಎರಡು ಡಿಗ್ರಿ ತಿರುಗಿದರೂ ನಾಲ್ಕನೇ ಹಂತದ ನಕ್ಷೆ ಕೆಡುತ್ತದೆ, ಮತ್ತು ಅದು ಕೆಟ್ಟಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ಅಲ್ಲಾಡದ ಐದಾರು ಗುರುತುಗಳನ್ನು ಆರಿಸಿಕೊಳ್ಳಿ: ಕಟ್ಟಡದ ಮೂಲೆ, ಬೋರ್ಡಿನ ಅಂಚು, ಕಂಬದ ಬುಡ. ದಿನಕ್ಕೊಮ್ಮೆ ಬೆಳಕು ಚೆನ್ನಾಗಿರುವಾಗ ಅವು ಮೂಲ ಚಿತ್ರದ ಜಾಗದಲ್ಲೇ ಇವೆಯೇ ಎಂದು ಪ್ರೋಗ್ರಾಂ ತಾನೇ ಹೋಲಿಸಿ ನೋಡಲಿ. 5 ಪಿಕ್ಸೆಲ್‌ಗಿಂತ ಜಾಸ್ತಿ ಸರಿದಿದ್ದರೆ ಅಲರ್ಟ್‌ಗಳನ್ನು ತಡೆಹಿಡಿದು, ನಿಮ್ಮ ಫೋನ್‌ಗೆ ಸಂದೇಶ ಕಳಿಸಲಿ. ಟೇಪು ತೆಗೆದುಕೊಂಡು ಹೋಗಿ ಮತ್ತೆ ಅಳೆಯಿರಿ.